ಮೈದಾನ ಸಾಲದಾದ ಎಸೆತ

ಅದು 1984ರ ಜುಲೈ 20. ಪೂರ್ವ ಬರ್ಲಿನ್ನಿನ ಫ್ರೀಡ್ರಿಕ್ ಲುಡ್ವಿಗ್ ಯಾನ್ ಕ್ರೀಡಾಂಗಣದಲ್ಲಿ ಅಥ್ಲೆಟಿಕ್ಸ್ ಕೂಟ ನಡೆದಿತ್ತು. ಕ್ರೀಡಾಂಗಣದ ಪಕ್ಕದಲ್ಲೇ ನಗರವನ್ನು ಎರಡಾಗಿ ಸೀಳಿದ್ದ ಬರ್ಲಿನ್ ಗೋಡೆ. ಕೂಟದ ಹೆಸರು ‘ಒಲಿಂಪಿಕ್ ದಿನ’. ಇನ್ನು ಎಂಟೇ ದಿನಗಳಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನಿಜವಾದ ಒಲಿಂಪಿಕ್ಸ್ ಆರಂಭವಾಗಲಿತ್ತು. ಆದರೆ ಈ ಮೈದಾನದಲ್ಲಿದ್ದ ಪೂರ್ವ ಜರ್ಮನಿಯ ಕ್ರೀಡಾಪಟುಗಳು ಯಾರೂ ಅಲ್ಲಿಗೆ ಹೋಗುವಂತಿರಲಿಲ್ಲ.

ಆ ದಿನ 1.98 ಮೀಟರ್ ಎತ್ತರದ ಯುವಕನೊಬ್ಬ ಜಾವೆಲಿನ್ ಹಿಡಿದು ಓಡಿಬಂದು ಎಸೆದ. ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಭರ್ಜಿ ಎಸೆತ ಎಂದು ಕರೆಯುವ ಸ್ಪರ್ಧೆಯೇ ಇದು. ಭರ್ಜಿ ಗಾಳಿಯಲ್ಲಿ ತೇಲುತ್ತಲೇ ಹೋಯಿತು. ಅಳತೆ ಮಾಡಿದಾಗ ಬಂದ ದೂರ 104.80 ಮೀಟರ್.

ಈ ದೂರ ಎಷ್ಟೆಂಬುದು ಅಂಕಿಯಿಂದ ಸುಲಭವಾಗಿ ಹೊಳೆಯುವುದಿಲ್ಲ. ಕ್ರಿಕೆಟ್ ಪಿಚ್‌ನ ಉದ್ದ 20.12 ಮೀಟರ್. ಐದು ಪಿಚ್‌ಗಳನ್ನು ಉದ್ದಕ್ಕೆ ಜೋಡಿಸಿದರೂ ಇನ್ನೂ ನಾಲ್ಕು ಮೀಟರ್ ಉಳಿಯುತ್ತದೆ. ಅಂತರರಾಷ್ಟ್ರೀಯ ಪಂದ್ಯಗಳು ನಡೆಯುವ ಫುಟ್‌ಬಾಲ್ ಮೈದಾನದ ಉದ್ದ 105 ಮೀಟರ್. ಅಂದರೆ ಒಂದು ಗೋಲಿನ ಬಳಿ ನಿಂತು ಎಸೆದ ಭರ್ಜಿ ಇನ್ನೊಂದು ಗೋಲಿನ ಬಾಯಿಗೆ ಬಂದು ಬಿದ್ದಂತೆ.

ಎಸೆದಾತ ಉವೆ ಹೋನ್. ನಾಲ್ಕು ದಿನಗಳ ಹಿಂದಷ್ಟೇ ಅವರಿಗೆ 22 ತುಂಬಿತ್ತು. ಅಂದಿನಿಂದ ಇಂದಿನವರೆಗೆ ಅಧಿಕೃತ ಸ್ಪರ್ಧೆಯಲ್ಲಿ 100 ಮೀಟರ್ ದಾಟಿ ಜಾವೆಲಿನ್ ಎಸೆದ ಮನುಷ್ಯ ಅವರೊಬ್ಬರೇ. ಆದರೂ ವಿಶ್ವದಾಖಲೆಗಳ ಪಟ್ಟಿಯಲ್ಲಿ ಈಗ ಅವರ ಹೆಸರಿಲ್ಲ. ಅವರ ಬಳಿ ಒಲಿಂಪಿಕ್ ಪದಕವೂ ಇಲ್ಲ. ಯಾರೂ ಮುರಿಯದ ದಾಖಲೆಯೊಂದು ಪಟ್ಟಿಯಿಂದ ಹೊರಗೆ ಹೋದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಕ್ರೀಡೆಯ ಜೊತೆಗೆ ರಾಜಕೀಯ, ವಿಜ್ಞಾನ, ಔಷಧ ಎಲ್ಲವೂ ಎದುರಾಗುತ್ತವೆ. ಕೊನೆಗೆ ಆ ದಾರಿ ಭಾರತಕ್ಕೂ ಬಂದು ಸೇರುತ್ತದೆ.

ಸೇನೆಯ ಕ್ಲಬ್ಬಿನ ಹುಡುಗ

ಹೋನ್ ಹುಟ್ಟಿದ್ದು 1962ರ ಜುಲೈ 16ರಂದು, ಬರ್ಲಿನ್‌ನ ವಾಯವ್ಯಕ್ಕಿರುವ ನೊಯ್‌ರುಪ್ಪಿನ್ ಎಂಬ ಊರಿನಲ್ಲಿ. ಅವರು ಹುಟ್ಟುವ ಹಿಂದಿನ ವರ್ಷವಷ್ಟೇ ಬರ್ಲಿನ್ ಗೋಡೆ ಎದ್ದಿತ್ತು. ಎರಡನೇ ಮಹಾಯುದ್ಧದ ನಂತರ ಜರ್ಮನಿ ಎರಡು ದೇಶಗಳಾಗಿ ಒಡೆದದ್ದು ಓದುಗರಿಗೆ ತಿಳಿದದ್ದೇ. ಪೂರ್ವ ಜರ್ಮನಿ ಕಮ್ಯುನಿಸ್ಟ್ ಆಡಳಿತದ ಪುಟ್ಟ ದೇಶ. ಅದರ ಜನಸಂಖ್ಯೆ ಸುಮಾರು 1.7 ಕೋಟಿ. ಇಷ್ಟು ಸಣ್ಣ ದೇಶ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 40 ಚಿನ್ನ ಗೆದ್ದು ಅಮೆರಿಕವನ್ನೂ ಹಿಂದೆ ಹಾಕಿತು.

ಈ ಯಶಸ್ಸು ತಾನಾಗಿ ಬಂದದ್ದಲ್ಲ. ಶಾಲಾ ಮಕ್ಕಳಲ್ಲಿ ಪ್ರತಿಭೆ ಇರುವವರನ್ನು ಚಿಕ್ಕಂದಿನಲ್ಲೇ ಗುರುತಿಸಿ ಕ್ರೀಡಾಶಾಲೆಗೆ ಸೇರಿಸುತ್ತಿದ್ದರು. ಓದು, ಊಟ, ವಸತಿ, ತರಬೇತಿ ಎಲ್ಲವೂ ಸರ್ಕಾರದ್ದೇ. ಬೆಳೆದವರಿಗೆ ಪೊಲೀಸ್, ಸೇನೆ ಮುಂತಾದ ಇಲಾಖೆಗಳ ಕ್ಲಬ್ಬುಗಳಿದ್ದವು. ಹೋನ್ ಸೇರಿದ್ದು ಪಾಟ್ಸ್‌ಡ್ಯಾಮ್‌ನಲ್ಲಿದ್ದ ಸೇನೆಯ ಕ್ಲಬ್ಬಿಗೆ. ಕ್ರೀಡಾಪಟುವಿಗೆ ಅಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಯಾವ ಕೂಟಕ್ಕೆ ಹೋಗಬೇಕು, ಯಾವುದಕ್ಕೆ ಹೋಗಬಾರದು, ಏನು ತಿನ್ನಬೇಕು, ಏನು ನುಂಗಬೇಕು ಎಂಬುದನ್ನು ತೀರ್ಮಾನಿಸುವವರು ಬೇರೆಯವರು.

ಹೋನ್ 1981ರಲ್ಲಿ ಯೂರೋಪಿನ ಕಿರಿಯರ ಚಾಂಪಿಯನ್ ಆದರು. ಮರುವರ್ಷವೇ ಅಥೆನ್ಸ್‌ನಲ್ಲಿ ನಡೆದ ಹಿರಿಯರ ಯೂರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 91.34 ಮೀಟರ್ ಎಸೆದು ಚಿನ್ನ ಗೆದ್ದರು. ಆಗ ಅವರಿಗೆ 20 ವರ್ಷ. ಭರ್ಜಿ ಎಸೆತದಲ್ಲಿ ಅಷ್ಟು ಚಿಕ್ಕ ವಯಸ್ಸಿನಲ್ಲಿ ಮೇಲಕ್ಕೆ ಬರುವವರು ಕಡಿಮೆ. ತೋಳಿನ ಬಲಕ್ಕಿಂತ ಅಭ್ಯಾಸದಿಂದ ಬರುವ ಹದವೇ ಇಲ್ಲಿ ಮುಖ್ಯ.

ಈ ಹದವನ್ನು ಅರ್ಥಮಾಡಿಕೊಳ್ಳಲು ಕ್ರಿಕೆಟ್‌ನ ವೇಗದ ಬೌಲರನ್ನು ನೆನೆಯಬಹುದು. ಎಸೆಯುವವನು ಸುಮಾರು 30 ಮೀಟರ್ ಓಡಿಬರುತ್ತಾನೆ. ಕೊನೆಯ ಕೆಲವು ಹೆಜ್ಜೆಗಳಲ್ಲಿ ಮೈಯನ್ನು ಪಕ್ಕಕ್ಕೆ ತಿರುಗಿಸಿ, ಕಾಲನ್ನು ಕಾಲಿಗೆ ಅಡ್ಡಹಾಯಿಸುತ್ತಾ ಬರುತ್ತಾನೆ. ಬಲಗೈ ಎಸೆತಗಾರನಾದರೆ ಎಡಗಾಲನ್ನು ಗೂಟದಂತೆ ನೆಲಕ್ಕೆ ಊರುತ್ತಾನೆ. ಓಟ ಅಲ್ಲಿಗೆ ಒಮ್ಮೆಲೇ ನಿಲ್ಲುತ್ತದೆ. ಓಟದಲ್ಲಿ ಕೂಡಿಬಂದ ವೇಗ ಸೊಂಟ, ಎದೆ, ಭುಜ, ಮೊಣಕೈ ಎಂದು ಒಂದೊಂದೇ ಹಂತ ಏರಿ ಕೊನೆಗೆ ಭರ್ಜಿಗೆ ಸೇರುತ್ತದೆ. ಕೈಬಿಡುವ ಕ್ಷಣದಲ್ಲಿ ಭರ್ಜಿಯ ವೇಗ ಗಂಟೆಗೆ 100 ಕಿಲೋಮೀಟರಿಗೂ ಹೆಚ್ಚು. ಭರ್ಜಿಯ ತೂಕ ಮಾತ್ರ 800 ಗ್ರಾಂ. ಈ ಚಾಟಿಯೇಟಿನಂಥ ಚಲನೆಯ ಪೆಟ್ಟು ಪ್ರತಿ ಸಲವೂ ಬೆನ್ನುಮೂಳೆ ಮತ್ತು ಮೊಣಕೈ ಮೇಲೆ ಬೀಳುತ್ತದೆ. ವೇಗದ ಬೌಲರುಗಳಿಗೆ ಬೆನ್ನುನೋವು ಕಾಡುವಂತೆ ಭರ್ಜಿ ಎಸೆಯುವವರಿಗೂ ಕಾಡುತ್ತದೆ.

ಒಂದೇ ಎಸೆತ, ಐದು ಮೀಟರ್

ಹೋನ್ ಎಸೆತದ ದೈತ್ಯತನ ತಿಳಿಯಬೇಕಾದರೆ ಹಿಂದಿನ ದಾಖಲೆಗಳನ್ನು ನೋಡಬೇಕು. ಅಮೆರಿಕದ ಬಡ್ ಹೆಲ್ಡ್ 1953ರಲ್ಲಿ ಮೊದಲ ಬಾರಿಗೆ 80 ಮೀಟರ್ ದಾಟಿದರು. ಗಾಳಿಯಲ್ಲಿ ಹೆಚ್ಚು ಹೊತ್ತು ತೇಲುವಂಥ ಭರ್ಜಿಯ ಆಕಾರವನ್ನು ರೂಪಿಸಿದವರಲ್ಲಿಯೂ ಅವರು ಮೊದಲಿಗರು. ನಾರ್ವೆಯ ಟೆರ್ಯೆ ಪೆಡೆರ್ಸನ್ 1964ರಲ್ಲಿ 90 ಮೀಟರ್ ದಾಟಿದರು. ಹಂಗೆರಿಯ ಮಿಕ್ಲೋಶ್ ನೇಮೆತ್ 1976ರ ಒಲಿಂಪಿಕ್ಸ್‌ನಲ್ಲಿ 94.58 ಮೀಟರ್ ಎಸೆದರೆ, ಅದೇ ದೇಶದ ಫೆರೆಂಸ್ ಪರಾಗಿ 1980ರಲ್ಲಿ ಅದನ್ನು 96.72ಕ್ಕೆ ಏರಿಸಿದರು. ಅಮೆರಿಕದ ಟಾಮ್ ಪೆಟ್ರನಾಫ್ 1983ರ ಮೇ ತಿಂಗಳಲ್ಲಿ 99.72 ಮೀಟರ್ ಎಸೆದು ನೂರರ ಬಾಗಿಲಿಗೆ ಬಂದು ನಿಂತರು.

ಅಂದರೆ 1976ರಿಂದ 1983ರವರೆಗೆ ಏಳು ವರ್ಷಗಳಲ್ಲಿ ದಾಖಲೆ ಮುಂದೆ ಹೋದದ್ದು 5.14 ಮೀಟರ್. ಹೋನ್ ಒಂದೇ ಎಸೆತದಲ್ಲಿ 5.08 ಮೀಟರ್ ಮುಂದೆ ಹೋದರು. ಏಳು ವರ್ಷಗಳಲ್ಲಿ ಇಬ್ಬರು ಕೂಡಿ ಮಾಡಿದ್ದ ಕೆಲಸವನ್ನು ಒಬ್ಬರೇ ಒಂದು ದಿನದಲ್ಲಿ ಮಾಡಿದಂತಾಯಿತು.

ತಡೆದ ಬಾಗಿಲು

ಸಹಜವಾಗಿ ಎಲ್ಲರೂ ಕೇಳುವ ಪ್ರಶ್ನೆ: ಇಂಥ ಎಸೆತಗಾರ ಎಂಟು ದಿನಗಳ ನಂತರದ ಒಲಿಂಪಿಕ್ಸ್‌ಗೆ ಏಕೆ ಹೋಗಲಿಲ್ಲ?

ಅದು ಶೀತಲ ಸಮರದ ಕಾಲ. ಸೋವಿಯತ್ ಒಕ್ಕೂಟ ಅಫ್ಘಾನಿಸ್ತಾನಕ್ಕೆ ಸೇನೆ ನುಗ್ಗಿಸಿದ್ದನ್ನು ವಿರೋಧಿಸಿ ಅಮೆರಿಕ ಮತ್ತು ಹಲವು ದೇಶಗಳು 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ಬಹಿಷ್ಕಾರ ಹಾಕಿದ್ದವು. ನಾಲ್ಕು ವರ್ಷಗಳ ನಂತರ ಸೋವಿಯತ್ ಸರದಿ. ಲಾಸ್ ಏಂಜಲೀಸ್‌ನಲ್ಲಿ ತಮ್ಮ ಕ್ರೀಡಾಪಟುಗಳಿಗೆ ರಕ್ಷಣೆ ಇಲ್ಲ ಎಂಬ ಕಾರಣ ಕೊಟ್ಟು 1984ರ ಮೇ 8ರಂದು ಅದು ಬಹಿಷ್ಕಾರ ಘೋಷಿಸಿತು. ಒಂದೆರಡು ದಿನಗಳಲ್ಲೇ ಪೂರ್ವ ಜರ್ಮನಿಯೂ ಅದೇ ದಾರಿ ಹಿಡಿಯಿತು. ಕ್ರೀಡಾಪಟುಗಳನ್ನು ಕೇಳಿ ತೆಗೆದುಕೊಂಡ ತೀರ್ಮಾನ ಇದಲ್ಲ. ನಾಲ್ಕು ವರ್ಷ ಕಾದು ಬೆವರು ಸುರಿಸಿದವರಿಗೆ ಉಳಿದದ್ದು ಕೈಚೆಲ್ಲುವ ಕೆಲಸ ಮಾತ್ರ.

ಲಾಸ್ ಏಂಜಲೀಸ್‌ನಲ್ಲಿ ಫಿನ್ಲೆಂಡಿನ ಆರ್ಟೊ ಹಾರ್ಕೊನೆನ್ ಚಿನ್ನ ಗೆದ್ದರು. ಅವರ ಎಸೆತ 86.76 ಮೀಟರ್. ಹೋನ್ ಬರ್ಲಿನ್‌ನಲ್ಲಿ ಎಸೆದದ್ದಕ್ಕೆ ಹೋಲಿಸಿದರೆ 18.04 ಮೀಟರ್ ಕಡಿಮೆ. ಹಾರ್ಕೊನೆನ್ ಅವರದೇನೂ ತಪ್ಪಿಲ್ಲ. ಬಂದವರೊಡನೆ ಸ್ಪರ್ಧಿಸಿ ಗೆದ್ದರು. ಆದರೆ ಆ ಪದಕದ ಜೊತೆಗೆ ಹೋನ್ ಬಂದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಅಂಟಿಕೊಂಡೇ ಉಳಿಯಿತು.

ಬಹಿಷ್ಕಾರ ಹಾಕಿದ ದೇಶಗಳು ಅದೇ ಆಗಸ್ಟ್‌ನಲ್ಲಿ ‘ದ್ರುಜ್ಬಾ’ ಅಂದರೆ ‘ಸ್ನೇಹ’ ಎಂಬ ಹೆಸರಿನಲ್ಲಿ ತಮ್ಮದೇ ಕೂಟ ನಡೆಸಿದವು. ಮಾಸ್ಕೋದಲ್ಲಿ ಹೋನ್ 94.44 ಮೀಟರ್ ಎಸೆದು ಗೆದ್ದರು. ಇದು ಕೂಡ ಒಲಿಂಪಿಕ್ ಚಿನ್ನದ ಎಸೆತಕ್ಕಿಂತ ಏಳೂವರೆ ಮೀಟರಿಗೂ ಹೆಚ್ಚು. 1985ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನಡೆದ ವಿಶ್ವಕಪ್‌ನಲ್ಲಿ 96.96 ಮೀಟರ್ ಎಸೆದು ಮತ್ತೆ ಮೊದಲಿಗರಾದರು. ಹಾಗಾಗಿ 104.80 ಒಂದು ದಿನದ ಅದೃಷ್ಟ ಎನ್ನುವಂತಿರಲಿಲ್ಲ.

ಭರ್ಜಿಗೇ ತಿದ್ದುಪಡಿ

ಈ ವೇಳೆಗೆ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್‌ಗೆ ಎರಡು ಚಿಂತೆಗಳು ಹತ್ತಿದ್ದವು.

ಮೊದಲನೆಯದು ಸುರಕ್ಷತೆ. 400 ಮೀಟರ್ ಟ್ರ್ಯಾಕಿನ ಒಳಗಿನ ಹುಲ್ಲು ಹಾಸಿನ ಮೇಲೆ ಭರ್ಜಿ ಬೀಳಬೇಕು. ಓಡಿಬರುವ ಹಾದಿಗೂ ಒಂದು ತುದಿಯಲ್ಲಿ ಜಾಗ ಬೇಕು. ಎಸೆತ 100 ಮೀಟರ್ ದಾಟತೊಡಗಿದರೆ ಎದುರು ತುದಿಯ ಟ್ರ್ಯಾಕ್ ಹತ್ತಿರವಾಗುತ್ತದೆ. ಅದೇ ಹೊತ್ತಿಗೆ ಅಲ್ಲಿ ಓಟದ ಸ್ಪರ್ಧೆ ನಡೆದಿರಬಹುದು, ಹೈಜಂಪ್ ನಡೆದಿರಬಹುದು, ತೀರ್ಪುಗಾರರು ನಿಂತಿರಬಹುದು. ಲೋಹದ ಮೊನೆಯ ಭರ್ಜಿ ಅಲ್ಲಿಗೆ ಹೋಗಿ ಬಿದ್ದರೆ ಆಗುವ ಅನಾಹುತ ಊಹಿಸುವುದು ಕಷ್ಟವಲ್ಲ. ಪೆಟ್ರನಾಫ್ ದಾಖಲೆಯ ನಂತರವೇ ಈ ಚರ್ಚೆ ಇತ್ತು. ಹೋನ್ ಎಸೆತ ಅದಕ್ಕೆ ತುರ್ತು ತಂದಿತು.

ಎರಡನೆಯದು ತೀರ್ಪಿನ ಜಗಳ. ಭರ್ಜಿ ನೆಲಕ್ಕೆ ನಾಟಿಕೊಳ್ಳಲೇಬೇಕು ಎಂದು ಅನೇಕರು ತಿಳಿದಿರುತ್ತಾರೆ. ನಿಯಮ ಹಾಗಿಲ್ಲ. ನಾಟಬೇಕೆಂದಿಲ್ಲ, ಆದರೆ ಮೊನೆ ಎಲ್ಲಕ್ಕಿಂತ ಮೊದಲು ನೆಲ ಮುಟ್ಟಬೇಕು. ಹಳೆಯ ಭರ್ಜಿಗಳು ತೇಲುತ್ತಾ ಹೋಗಿ ಕೊನೆಗೆ ಚಪ್ಪಟೆಯಾಗಿ ಮಲಗಿದಂತೆ ಬೀಳುತ್ತಿದ್ದವು. ಮೊದಲು ತಾಗಿದ್ದು ಮೊನೆಯೋ ಬಾಲವೋ ಎಂದು 90 ಮೀಟರ್ ದೂರದ ಬೀಳುವಿಕೆಯನ್ನು ಕಣ್ಣಳತೆಯಲ್ಲಿ ಹೇಳುವುದು ತೀರ್ಪುಗಾರರಿಗೆ ಕಷ್ಟವಾಗಿತ್ತು. ಪ್ರತಿ ಕೂಟದಲ್ಲೂ ತಕರಾರು.

ಎರಡಕ್ಕೂ ಸೇರಿ ಕಂಡುಕೊಂಡ ಪರಿಹಾರ ಸರಳವಾದದ್ದು. ಭರ್ಜಿಯ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್‌ನಷ್ಟು ಮೊನೆಯ ಕಡೆಗೆ ಸರಿಸಿದರು. ಗುರುತ್ವ ಕೇಂದ್ರ ಎಂದರೆ ಭರ್ಜಿಯನ್ನು ಒಂದು ಬೆರಳಿನ ಮೇಲಿಟ್ಟರೆ ಅತ್ತಿತ್ತ ವಾಲದೆ ನಿಲ್ಲುವ ಜಾಗ. ಜೊತೆಗೆ ಮುಂಭಾಗವನ್ನು ತೆಳುವಾಗಿಸಿ, ಹಿಂಭಾಗವನ್ನು ಕೊಂಚ ದಪ್ಪವಾಗಿ ಉಳಿಸುವಂತೆ ಅಳತೆಗಳನ್ನು ತಿದ್ದಿದರು. ತೂಕ ಮಾತ್ರ ಮೊದಲಿನಂತೆಯೇ 800 ಗ್ರಾಂ.

ನಾಲ್ಕು ಸೆಂಟಿಮೀಟರಿನಿಂದ ಏನಾದೀತು ಎನ್ನಿಸಬಹುದು. ಹಾರುವ ಭರ್ಜಿಯ ಮೇಲೆ ಎರಡು ಶಕ್ತಿಗಳು ಕೆಲಸ ಮಾಡುತ್ತವೆ. ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತದೆ. ಗಾಳಿ ಅಡಿಯಿಂದ ಮೇಲಕ್ಕೆ ಒತ್ತುತ್ತದೆ. ಎಳೆತ ನಾಟುವ ಜಾಗವೂ ಒತ್ತಡ ನಾಟುವ ಜಾಗವೂ ಹತ್ತಿರ ಹತ್ತಿರ ಇದ್ದರೆ ಭರ್ಜಿ ಸಮತೋಲದಲ್ಲಿ ತೇಲುತ್ತದೆ. ಹಳೆಯ ಭರ್ಜಿ ಇದ್ದದ್ದು ಹೀಗೆ. ಗುರುತ್ವ ಕೇಂದ್ರ ಮುಂದಕ್ಕೆ ಸರಿದಾಗ ಗಾಳಿಯ ಒತ್ತಡ ಅದರ ಹಿಂದೆ ಬೀಳುತ್ತದೆ. ಆಗ ಬಾಲ ಮೇಲೇಳುತ್ತದೆ, ಮೂತಿ ಬಾಗುತ್ತದೆ. ಮಕ್ಕಳು ಮಾಡುವ ಕಾಗದದ ವಿಮಾನದ ಮೂತಿಗೆ ಗುಂಡುಸೂಜಿ ಚುಚ್ಚಿ ಹಾರಿಸಿ ನೋಡಿದರೆ ವಿಷಯ ತಿಳಿಯುತ್ತದೆ. ಬಾಣದ ಹಿಂದೆ ಗರಿ ಕಟ್ಟುವುದರ ಗುಟ್ಟೂ ಇದೇ.

ಹೊಸ ಭರ್ಜಿ 1986ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಎಸೆತದ ದೂರ ಸುಮಾರು ಶೇಕಡ 10ರಷ್ಟು ಇಳಿಯಿತು. ಭರ್ಜಿ ಮೂತಿ ಬಾಗಿಸಿ ನೆಲಕ್ಕೆ ಇಳಿಯತೊಡಗಿದ್ದರಿಂದ ತಕರಾರುಗಳೂ ಕಡಿಮೆಯಾದವು. ಮಹಿಳೆಯರ ಭರ್ಜಿಗೂ ಇಂಥದೇ ಬದಲಾವಣೆ 1999ರಲ್ಲಿ ಬಂತು.

ಕ್ರೀಡೆಯಲ್ಲಿ ಉಪಕರಣ ಸುಧಾರಿಸುತ್ತಾ ಹೋಗುವುದು ಸಾಮಾನ್ಯ. ಇಲ್ಲಿ ಆದದ್ದು ತಿರುಗಾಮುರುಗಾ. ಮನುಷ್ಯ ಬೇಕಾದ್ದಕ್ಕಿಂತ ಹೆಚ್ಚು ದೂರ ಎಸೆಯುತ್ತಾನೆಂದು ಉಪಕರಣವನ್ನೇ ಕೊಂಚ ಕೆಡಿಸಲಾಯಿತು.

ಹಳೆಯ ಪುಸ್ತಕ, ಹೊಸ ಪುಸ್ತಕ

ಭರ್ಜಿ ಬದಲಾದ ಮೇಲೆ ಹಳೆಯ ದಾಖಲೆಯನ್ನು ಹೊಸದರೊಡನೆ ಹೋಲಿಸುವಂತಿರಲಿಲ್ಲ. ಹೀಗಾಗಿ ಹಳೆಯ ಪಟ್ಟಿಯನ್ನು 104.80ಕ್ಕೆ ಮುಚ್ಚಿ, ಹೊಸ ಪಟ್ಟಿ ತೆರೆಯಲಾಯಿತು. ಹೊಸ ಭರ್ಜಿಯ ಮೊದಲ ವಿಶ್ವದಾಖಲೆಯೂ ಜರ್ಮನ್ ಒಬ್ಬರದೇ. ಪಶ್ಚಿಮ ಜರ್ಮನಿಯ ಕ್ಲಾಸ್ ಟಾಫೆಲ್‌ಮೇಯರ್ 1986ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಕೊಮೊದಲ್ಲಿ 85.74 ಮೀಟರ್ ಎಸೆದರು. ಹೋನ್ ದೂರಕ್ಕಿಂತ ಇದು 19 ಮೀಟರ್ ಹಿಂದೆ.

ಮನುಷ್ಯನ ಬುದ್ಧಿ ಸುಮ್ಮನಿರುವುದಿಲ್ಲ. 1976ರ ಒಲಿಂಪಿಕ್ ಚಾಂಪಿಯನ್ ನೇಮೆತ್ ನಿವೃತ್ತರಾದ ಮೇಲೆ ಭರ್ಜಿ ತಯಾರಿಕೆಗೆ ಇಳಿದಿದ್ದರು. ಅವರು ಬಾಲದ ಮೇಲ್ಮೈಯನ್ನು ಒರಟಾಗಿಸಿದ ಭರ್ಜಿಗಳನ್ನು ಹೊರತಂದರು. ಈ ಒರಟುತನ ಮೂತಿ ಬಾಗುವುದನ್ನು ತಡಮಾಡುತ್ತಿತ್ತು. ದೂರ ಮತ್ತೆ ಏರತೊಡಗಿತು. ಫಿನ್ಲೆಂಡಿನ ಸೆಪ್ಪೊ ರಾಟಿ 1991ರಲ್ಲಿ 96.96 ಮೀಟರ್ ಎಸೆದರು. ಹೋನ್ ಕ್ಯಾನ್‌ಬೆರಾದಲ್ಲಿ ಎಸೆದದ್ದೂ ಕರಾರುವಾಕ್ಕಾಗಿ ಇಷ್ಟೇ. ಫೆಡರೇಷನ್ ಅದೇ ವರ್ಷ ಒರಟು ಬಾಲವನ್ನು ನಿಷೇಧಿಸಿತು. ಅದರಿಂದ ಆಗಿದ್ದ ದಾಖಲೆಗಳನ್ನೂ ಅಳಿಸಿಹಾಕಿತು. ವಿಶ್ವದಾಖಲೆ ಬ್ರಿಟನ್ನಿನ ಸ್ಟೀವ್ ಬ್ಯಾಕ್ಲಿ 1990ರಲ್ಲಿ ಎಸೆದಿದ್ದ 89.58 ಮೀಟರಿಗೆ ಹಿಂತಿರುಗಿತು.

ನಂತರ ಜೆಕ್ ಗಣರಾಜ್ಯದ ಯಾನ್ ಝೆಲೆಝ್ನಿ 1996ರ ಮೇ 25ರಂದು ಜರ್ಮನಿಯ ಯೇನಾದಲ್ಲಿ 98.48 ಮೀಟರ್ ಎಸೆದರು. ಇಂದಿಗೂ ಉಳಿದಿರುವ ವಿಶ್ವದಾಖಲೆ ಇದೇ. ಜರ್ಮನಿಯ ಯೊಹಾನೆಸ್ ವೆಟರ್ 2020ರಲ್ಲಿ ಪೋಲೆಂಡಿನಲ್ಲಿ 97.76 ಎಸೆದು ಅದರ ಹತ್ತಿರ ಬಂದರು. ಆದರೂ ನೂರರ ಗೆರೆಯನ್ನು ಹೊಸ ಭರ್ಜಿ ದಾಟಿಲ್ಲ.

ನೀಲಿ ಮಾತ್ರೆಗಳ ನೆರಳು

ಭರ್ಜಿ ಬದಲಾದ ವರ್ಷವೇ ಹೋನ್ ಬದುಕೂ ಬದಲಾಯಿತು. ಬೆನ್ನಿನ ತೊಂದರೆ ಹೆಚ್ಚಾಗಿ ಶಸ್ತ್ರಚಿಕಿತ್ಸೆಯಾಯಿತು. ಅದರಿಂದ ಅವರು ಮೊದಲಿನಂತೆ ಚೇತರಿಸಿಕೊಳ್ಳಲಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ಗೆ ಪೂರ್ವ ಜರ್ಮನಿ ಹೋಯಿತು, ಹೋನ್ ಹೋಗಲಿಲ್ಲ. ಅಲ್ಲಿ ಚಿನ್ನ ಗೆದ್ದ ಎಸೆತ 84.28 ಮೀಟರ್. ಇಪ್ಪತ್ತನಾಲ್ಕು, ಇಪ್ಪತ್ತೈದರ ವಯಸ್ಸಿನಲ್ಲಿ ಅನೇಕ ಎಸೆತಗಾರರ ಒಳ್ಳೆಯ ದಿನಗಳು ಆರಂಭವಾಗುತ್ತವೆ. ಹೋನ್ ಪಾಲಿಗೆ ಆ ಹೊತ್ತಿಗೆ ಎಲ್ಲ ಮುಗಿದಿತ್ತು.

1989ರಲ್ಲಿ ಬರ್ಲಿನ್ ಗೋಡೆ ಬಿತ್ತು. ಮರುವರ್ಷ ಎರಡು ಜರ್ಮನಿಗಳು ಒಂದಾದವು. ಅದರ ಜೊತೆಗೆ ಪೂರ್ವ ಜರ್ಮನಿಯ ರಹಸ್ಯ ಕಡತಗಳೂ ಹೊರಬಿದ್ದವು. ಹೈಡೆಲ್‌ಬರ್ಗ್‌ನ ವಿಜ್ಞಾನಿ ವರ್ನರ್ ಫ್ರಾಂಕೆ ಮತ್ತು ಅವರ ಪತ್ನಿ, ಹಿಂದೆ ಡಿಸ್ಕಸ್ ಎಸೆಯುತ್ತಿದ್ದ ಬ್ರಿಗಿಟೆ ಬೆರೆಂಡೊಂಕ್, ಸೇನೆಯ ವೈದ್ಯಕೀಯ ಸಂಸ್ಥೆಯೊಂದರಲ್ಲಿದ್ದ ದಾಖಲೆಗಳನ್ನು ಪತ್ತೆ ಹಚ್ಚಿದರು. 1991ರಲ್ಲಿ ಬೆರೆಂಡೊಂಕ್ ಅವನ್ನು ಪುಸ್ತಕವಾಗಿ ಪ್ರಕಟಿಸಿದರು.

ಆ ಕಡತಗಳಲ್ಲಿ ಇದ್ದದ್ದು ಸರ್ಕಾರವೇ ಯೋಜಿಸಿ ನಡೆಸಿದ ಉದ್ದೀಪನ ಮದ್ದಿನ ವ್ಯವಹಾರ. 1974ರಿಂದ ಅದು ಸರ್ಕಾರದ ಗುಪ್ತ ಯೋಜನೆಯ ರೂಪ ಪಡೆದಿತ್ತು. ಮುಖ್ಯವಾಗಿ ಬಳಸುತ್ತಿದ್ದುದು ‘ಓರಲ್ ಟುರಿನಬಾಲ್’ ಎಂಬ ಸ್ನಾಯು ಬೆಳೆಸುವ ಮದ್ದು, ಸಣ್ಣ ನೀಲಿ ಮಾತ್ರೆ. ಹದಿಹರೆಯದ ಹುಡುಗಿಯರಿಗೂ ವಿಟಮಿನ್ ಎಂದು ಹೇಳಿ ಅದನ್ನು ಕೊಡಲಾಗಿತ್ತು. ಅನೇಕರು ಮುಂದೆ ಆರೋಗ್ಯ ಕಳೆದುಕೊಂಡು ನರಳಿದರು. ಆ ದೇಶದ ಕ್ರೀಡಾ ಮುಖ್ಯಸ್ಥರಾಗಿದ್ದ ಮಾನ್‌ಫ್ರೆಡ್ ಎವಾಲ್ಡ್ ಮತ್ತು ಕ್ರೀಡಾವೈದ್ಯ ಮಾನ್‌ಫ್ರೆಡ್ ಹಾಪ್ನರ್ ತಪ್ಪಿತಸ್ಥರೆಂದು 2000ದಲ್ಲಿ ಬರ್ಲಿನ್ ನ್ಯಾಯಾಲಯ ತೀರ್ಪು ನೀಡಿತು. ಇಬ್ಬರಿಗೂ ಆದದ್ದು ಅಮಾನತಿನಲ್ಲಿಟ್ಟ ಶಿಕ್ಷೆ. ಜೈಲಿಗೆ ಹೋಗಲಿಲ್ಲ.

ಈ ಮದ್ದಿನ ಯೋಜನೆಗೆ ಒಳಪಟ್ಟವರ ದಾಖಲೆಗಳಲ್ಲಿ ಹೋನ್ ಹೆಸರೂ ಇತ್ತು. ಹಾಗಾದರೆ 104.80ರಲ್ಲಿ ತೋಳಿನದೆಷ್ಟು, ಮಾತ್ರೆಯದೆಷ್ಟು? ಇದನ್ನು ಬಿಡಿಸಿ ಹೇಳುವ ತಕ್ಕಡಿ ಯಾರ ಬಳಿಯೂ ಇಲ್ಲ. ಅದೇ ಮಾತ್ರೆ ನುಂಗಿದ ಇತರರು ಯಾರೂ ನೂರು ಮೀಟರ್ ದಾಟಲಿಲ್ಲ ಎಂಬುದು ನಿಜ. ಮದ್ದು ಇಲ್ಲದಿದ್ದರೆ ಹೋನ್ ಎಷ್ಟು ಎಸೆಯುತ್ತಿದ್ದರು ಎಂಬುದು ಯಾರಿಗೂ ತಿಳಿಯದು ಎಂಬುದೂ ಅಷ್ಟೇ ನಿಜ. ಒಂದು ಮಾತು ಮಾತ್ರ ಹೇಳಬಹುದು. ಒಲಿಂಪಿಕ್ಸ್‌ಗೆ ಹೋಗಬೇಡ ಎಂದದ್ದೂ ಮಾತ್ರೆ ಕೊಟ್ಟದ್ದೂ ಒಂದೇ ಸರ್ಕಾರ. ದಾಖಲೆಯ ಕೀರ್ತಿ ಪಡೆದ ಆ ಸರ್ಕಾರ ಇಲ್ಲವಾದ ಮೇಲೆ ಅನುಮಾನದ ಭಾರ ಮಾತ್ರ ಎಸೆದವನ ಹೆಗಲಿಗೆ ಬಂತು.

ಬರ್ಲಿನ್‌ನಿಂದ ಭಾರತಕ್ಕೆ

ಸ್ಪರ್ಧೆ ಬಿಟ್ಟ ಮೇಲೆ ಹೋನ್ ತರಬೇತುದಾರರಾದರು. ಚೀನಾದಲ್ಲಿ ಅವರ ಬಳಿ ಕಲಿತ ಜಾವೋ ಚಿಂಗ್‌ಗಾಂಗ್ 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ 89.15 ಮೀಟರ್ ಎಸೆದು ಚಿನ್ನ ಗೆದ್ದರು. 2017ರ ಕೊನೆಯಲ್ಲಿ ಹೋನ್ ಭಾರತದ ಜಾವೆಲಿನ್ ಕೋಚ್ ಆಗಿ ನೇಮಕಗೊಂಡರು.

ಭಾರತದಲ್ಲಿ ಆಗ ಈ ಸ್ಪರ್ಧೆಗೆ ಅಂಥ ಹೆಸರಿರಲಿಲ್ಲ. ಶಿರಸಿ ತಾಲ್ಲೂಕಿನ ಕಾಶಿನಾಥ ನಾಯ್ಕ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 74.29 ಮೀಟರ್ ಎಸೆದು ಕಂಚು ಗೆದ್ದದ್ದು ಆ ಕಾಲಕ್ಕೆ ದೊಡ್ಡ ಸಾಧನೆ. ನಂತರ ಹರಿಯಾಣದ ಪಾಣಿಪತ್ ಬಳಿಯ ಖಾಂಡ್ರಾ ಗ್ರಾಮದ ನೀರಜ್ ಚೋಪ್ರಾ 2016ರ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 86.48 ಮೀಟರ್ ಎಸೆದು ಜಗತ್ತಿನ ಗಮನ ಸೆಳೆದಿದ್ದರು. ಹೋನ್ ಕೈಗೆ ಬಂದದ್ದು ಈ ಹುಡುಗ.

2018 ಇಬ್ಬರಿಗೂ ಒಳ್ಳೆಯ ವರ್ಷ. ಏಪ್ರಿಲ್‌ನಲ್ಲಿ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ನೀರಜ್ 86.47 ಮೀಟರ್ ಎಸೆದು ಚಿನ್ನ ಗೆದ್ದರು. ಆಗಸ್ಟ್‌ನಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ 88.06 ಮೀಟರ್, ಮತ್ತೆ ಚಿನ್ನ, ಜೊತೆಗೆ ರಾಷ್ಟ್ರೀಯ ದಾಖಲೆ.

ಆದರೆ ಈ ಗುರು ಶಿಷ್ಯ ಸಂಬಂಧ ಬಹಳ ದಿನ ಉಳಿಯಲಿಲ್ಲ. ತರಬೇತಿಯ ರೀತಿ ತನಗೆ ಹೊಂದಲಿಲ್ಲ ಎಂಬ ಕಾರಣಕ್ಕೆ ನೀರಜ್ ಇನ್ನೊಬ್ಬ ಜರ್ಮನ್ ತಜ್ಞ ಕ್ಲಾಸ್ ಬಾರ್ಟೊನಿಯೆಟ್ಜ್ ಅವರತ್ತ ತಿರುಗಿದರು. ದೇಹದ ಚಲನೆಯ ವಿಜ್ಞಾನ ಬಾರ್ಟೊನಿಯೆಟ್ಜ್ ಅವರ ವಿಷಯ. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾದ ನಂತರ ನೀರಜ್ ಚೇತರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯ ವಿಜಯನಗರದ ಕ್ರೀಡಾ ತರಬೇತಿ ಸಂಸ್ಥೆಯಲ್ಲಿ. ಹೋನ್ ಬಗ್ಗೆ ತನಗೆ ಗೌರವವಿದೆ, ವಿಧಾನ ಮಾತ್ರ ಬೇರೆಯಾಗಿತ್ತು ಎಂದು ನೀರಜ್ ಮುಂದೆ ಸ್ಪಷ್ಟಪಡಿಸಿದರು.

2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ ನೀರಜ್ 87.58 ಮೀಟರ್ ಎಸೆದು ಒಲಿಂಪಿಕ್ ಚಿನ್ನ ಗೆದ್ದರು. ಅಥ್ಲೆಟಿಕ್ಸ್‌ನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಒಲಿಂಪಿಕ್ ಚಿನ್ನ ಅದು. ಗೆಲ್ಲುವುದು ಖಚಿತ ಎನ್ನಿಸಿದ್ದ ಜರ್ಮನಿಯ ವೆಟರ್ ಮೊದಲ ಎಂಟರಲ್ಲೂ ಉಳಿಯಲಿಲ್ಲ. ಅಲ್ಲಿಗೆ ಹೋಗುವ ಮುನ್ನವೇ ಹೋನ್ ಮತ್ತು ಭಾರತೀಯ ಕ್ರೀಡಾಡಳಿತದ ನಡುವೆ ಮನಸ್ತಾಪ ಬೆಳೆದಿತ್ತು. ಸಿದ್ಧತೆಯ ವ್ಯವಸ್ಥೆ ಸರಿಯಿಲ್ಲ, ಕರಾರಿಗೆ ಒತ್ತಡ ಹಾಕಿ ಸಹಿ ಹಾಕಿಸಿಕೊಂಡರು ಎಂದು ಹೋನ್ ಬಹಿರಂಗವಾಗಿ ದೂರಿದರು. ಅಥ್ಲೆಟಿಕ್ಸ್ ಫೆಡರೇಷನ್ ಅದನ್ನು ಅಲ್ಲಗಳೆಯಿತು. ಒಲಿಂಪಿಕ್ಸ್ ಮುಗಿದ ಮರುತಿಂಗಳು, ಅವರ ಕೆಲಸ ತೃಪ್ತಿ ತಂದಿಲ್ಲ ಎಂದು ಹೇಳಿ ಅವರನ್ನು ಬೀಳ್ಕೊಟ್ಟಿತು.

ಉಳಿದದ್ದೇನು?

ಇಂದು ಜಾವೆಲಿನ್ ನಮ್ಮ ಮನೆಮಾತಾಗಿದೆ. 2025ರ ಜುಲೈ 5ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಹೆಸರಿನ ಅಂತರರಾಷ್ಟ್ರೀಯ ಕೂಟವೇ ನಡೆಯಿತು. ನೀರಜ್ 86.18 ಮೀಟರ್ ಎಸೆದು ಗೆದ್ದರು. 2016ರ ಒಲಿಂಪಿಕ್ ಚಾಂಪಿಯನ್, ಜರ್ಮನಿಯ ಥಾಮಸ್ ರೋಲರ್ ಕೂಡ ಅಲ್ಲಿ ಎಸೆದರು. ಅದೇ ವರ್ಷದ ಮೇ ತಿಂಗಳಲ್ಲಿ ದೋಹಾದಲ್ಲಿ ನೀರಜ್ ಮೊದಲ ಸಲ 90 ಮೀಟರ್ ದಾಟಿ 90.23 ಎಸೆದಾಗ ದೇಶವೇ ಸಂಭ್ರಮಿಸಿತು. ಆ ಸಂಭ್ರಮಕ್ಕೆ ಅರ್ಥವಿದೆ. ಭರ್ಜಿ ಈಗ ಮೂತಿ ಬಾಗಿಸುವ ಭರ್ಜಿ. ಅದನ್ನು 90 ಮೀಟರ್ ದಾಟಿಸುವುದು ಸುಲಭವಲ್ಲ.

90 ಎಂಬ ಅಂಕಿ ಇಷ್ಟು ದೊಡ್ಡದಾಗಿ ಕಾಣುವುದರ ಹಿಂದೆ 1984ರ ಆ ದಿನವೂ ಇದೆ. ಹೋನ್ ಅಷ್ಟು ದೂರ ಎಸೆಯದೇ ಇದ್ದರೂ ಭರ್ಜಿ ಬಹುಶಃ ಬದಲಾಗುತ್ತಿತ್ತು. ಆದರೆ ಬದಲಾಗಲೇಬೇಕು ಎಂಬುದನ್ನು ಯಾರೂ ತಳ್ಳಿಹಾಕದಂತೆ ಮಾಡಿದ್ದು ಅವರ ಎಸೆತ. ದಾಖಲೆ ಎಂದರೆ ಒಬ್ಬ ಮನುಷ್ಯನ ಬಲಕ್ಕೆ ಸಿಕ್ಕ ಅಳತೆ ಎಂದು ನಾವು ತಿಳಿಯುತ್ತೇವೆ. ಆ ಅಳತೆಯಲ್ಲಿ ಉಪಕರಣ ಮಾಡಿದವನ ಪಾಲಿದೆ, ನಿಯಮ ಬರೆದವರ ಪಾಲಿದೆ, ವೈದ್ಯನ ಪಾಲಿದೆ, ಎಲ್ಲಿಗೆ ಹೋಗಬೇಕೆಂದು ಅಪ್ಪಣೆ ಕೊಡುವವರ ಪಾಲೂ ಇದೆ. ಹೋನ್ ಬದುಕಿನಲ್ಲಿ ಇವೆಲ್ಲ ಎದ್ದು ಕಾಣುತ್ತವೆ.

ಮುಂದೆ ಯಾರಾದರೂ ಹೊಸ ಭರ್ಜಿಯನ್ನು 105 ಮೀಟರ್ ಎಸೆದರೂ ಹೋನ್ ದಾಖಲೆ ಮುರಿದಂತಾಗುವುದಿಲ್ಲ. ಆ ಪುಸ್ತಕ ಮುಚ್ಚಿದೆ. ಅದರ ಕೊನೆಯ ಸಾಲಿನಲ್ಲಿ, ಒಲಿಂಪಿಕ್ಸ್ ಅಂಗಳವನ್ನು ಸ್ಪರ್ಧಿಯಾಗಿ ಎಂದೂ ಮೆಟ್ಟದ ಒಬ್ಬನ ಹೆಸರಿದೆ.